ಮೂರನೆಯ ನೀರು

ಮೊನ್ನೆ ಹೊಸದೊಂದು ಕೆಂಪು ಟವೆಲನ್ನು ಬಕೆಟ್ಟಿನಲ್ಲಿ ನೆನೆಹಾಕಿ ಮರೆತೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ನೀರೆಲ್ಲ ದಾಳಿಂಬೆ ರಸ. ಅಂಗಡಿಯವನನ್ನು ಬೈಯುವ ಮೊದಲೇ ನನ್ನ ಬಾಯಿಗೆ ಬಂದದ್ದು ಮಡತ್ತುಕುಳದ ಹೆಸರು. ಬಟ್ಟೆ ಬಣ್ಣ ಬಿಟ್ಟರೆ ಊರೊಂದು ಏಕೆ ನೆನಪಾಗಬೇಕು ಎಂದು ನೀವು ಕೇಳಬಹುದು. ಅದಕ್ಕೊಂದು ಕತೆ ನನ್ನ ಬಳಿ ಸಿದ್ಧವಾಗಿಯೇ ಇದೆ. ಮದುವೆ ಮನೆಗಳಲ್ಲಿ ಎಲೆ ಹಾಕುವುದು ತಡವಾದಾಗ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ತೊಂದರೆ ಇರುವುದೂ ಅಲ್ಲೇ. ಇಷ್ಟು ಚೆನ್ನಾಗಿ ನಗಿಸುವ ನೆನಪನ್ನು ಪೂರ್ತಿ ನಂಬಬಾರದು.

ಆದರೂ ಮೊದಲು ಮದುವೆ ಮನೆಯ ಕತೆಯನ್ನೇ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ನಡುವೆ ಎಲ್ಲೋ. ನನ್ನ ತಾಯಿಯ ತಮ್ಮ, ನಮ್ಮ ಮನೆಮಾತಿನಲ್ಲಿ ಮಾಮ, ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಪಟ್ಟರೆಯೊಂದರಲ್ಲಿ, ಅಂದರೆ ಸಣ್ಣ ಕಾರ್ಖಾನೆಯಲ್ಲಿ, ಮಾಸ್ಟರ್. ನಾನು ಅವರ ಸೋದರಳಿಯ, ಅವರ ಬಾಯಲ್ಲಿ ಮಾಪ್ಳೆ; ಇಪ್ಪತ್ತೆರಡರವನು, ಪಕ್ಕದ ಬನಿಯನ್ ಕಂಪನಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ನಮ್ಮದು ನೇಕಾರರ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಈ ಕನ್ನಡ ಲಿಪಿಯನ್ನು ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ. ಮಾಮನಿಗೆ ಇಂದಿಗೂ ಕನ್ನಡ ಓದಲು ಬಾರದು. ಅದಕ್ಕೇ ಇವನು ಇಷ್ಟು ಧೈರ್ಯವಾಗಿ ಬರೆಯುತ್ತಿದ್ದಾನೆ ಎಂದು ನೀವು ಅನುಮಾನಪಟ್ಟರೆ ತಪ್ಪಲ್ಲ.

ಪಟ್ಟರೆಯವರದೊಂದು ಫುಟ್‌ಬಾಲ್ ತಂಡವಿತ್ತು. ಲೀಗಿನ ಕಟ್ಟಕಡೆಯ ಡಿವಿಷನ್. ಅದಕ್ಕಿಂತ ಕೆಳಗೆ ಇಳಿಯಲು ಜಾಗವಿರಲಿಲ್ಲವಾದ್ದರಿಂದ ಹುಡುಗರು ನಿಶ್ಚಿಂತೆಯಿಂದ ಆಡುತ್ತಿದ್ದರು. ಚೆಂಡನ್ನು ನೆಟ್ಟಗೆ ಒದೆಯಲು ಬಾರದ ನಾನು ಅದರ ಪರಮ ಅಭಿಮಾನಿ. ಮಡತ್ತುಕುಳದಲ್ಲಿ ಪಂದ್ಯ ಎಂದಾಗ ಮಾಮ ಹನ್ನೊಂದು ಬಿಳಿ ಬನಿಯನ್ನುಗಳಿಗೆ ತಾವೇ ಕೆಂಪು ಬಣ್ಣ ಹಾಕಿಕೊಟ್ಟರು. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಗಂಟು ಅವರ ತೊಡೆಯ ಮೇಲೆ, ತಿಂಡಿಯ ಬುತ್ತಿ ನನ್ನ ತೊಡೆಯ ಮೇಲೆ. ಉಡುಮಲೈಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು.

ಮೈದಾನ ಕಾಲುವೆಯ ಪಕ್ಕ, ಕಬ್ಬಿನ ಗದ್ದೆಗಳ ನಡುವೆ. ಗೋಲಿಗೆ ಸರ್ವೆ ಮರದ ಗಳಗಳು. ಕಾಲುವೆಯ ಏರಿಯೇ ಗ್ಯಾಲರಿ. ಆ ಊರಿನ ತಂಡದ್ದು ಬಿಳಿ ಬನಿಯನ್. ಪರ ಊರಿಗೆ ಹೋದಾಗ ನಮ್ಮವರಿಗೊಂದು ಅಭ್ಯಾಸ: ಸುತ್ತಲಿನವರ ಮೇಲಿನ ಟೀಕೆಯನ್ನೆಲ್ಲ ಗಟ್ಟಿಯಾಗಿ, ಕನ್ನಡದಲ್ಲಿ, ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಲ್ಲಿ ಮಾಡುವುದು.

"ಆ ಗೋಲ್ ಕೀಪರ್‌ನ ನೋಡು ಮಾಪ್ಳೆ," ಎಂದರು ಮಾಮ. "ಕಬ್ಬು ಕಾಯೋ ಬೊಂಬೆ ಹಂಗೆ ನಿಂತವ್ನೆ."

ಮುಂದೆ ಕೂತಿದ್ದ ಹಸಿರು ರುಮಾಲಿನ ರೈತ ನಿಧಾನವಾಗಿ ತಿರುಗಿದ. "ಆ ಬೊಂಬೆ ನನ್ನ ತಮ್ಮ ಅಣ್ಣಾ. ಹೊಡ್ಯಕ್ಕೆ ಹೇಳಿ, ಹಿಡೀತಾನಾ ಇಲ್ವಾ ನೋಡಾಣ."

ಏರಿಯ ತುಂಬ ಕೂತವರೆಲ್ಲ ನಮ್ಮ ಹಾಗೇ ಮನೆಯಲ್ಲಿ ಕನ್ನಡ ಆಡುವ ರೈತರು. ಅರ್ಧ ಪಂದ್ಯ ನಾವು ತಿಂಡಿಗಷ್ಟೇ ಬಾಯಿ ತೆರೆದೆವು.

ಆಮೇಲೆ ಮಳೆ ಬಂತು. ನಮ್ಮವರ ಬನಿಯನ್ನಿನಿಂದ ಕೆಂಪು ಇಳಿಯತೊಡಗಿತು. ಒಬ್ಬರ ಮೇಲೊಬ್ಬರು ಬಿದ್ದಾಗಲೆಲ್ಲ ಅದು ಬಿಳಿ ತಂಡಕ್ಕೂ ಅಂಟಿತು. ಕೊನೆಗೆ ಗೋಲ್ ಕೀಪರುಗಳಿಬ್ಬರನ್ನು ಬಿಟ್ಟು ಇಪ್ಪತ್ತು ಜನರೂ ಒಂದೇ ಗುಲಾಬಿ. ನಮ್ಮವನೊಬ್ಬ ಚೆಂಡನ್ನು ಬಹಳ ಚೆಂದವಾಗಿ ಎದುರಾಳಿಗೇ ಕೊಟ್ಟ, ಗೋಲ್ ಆಯಿತು. ರೆಫರಿ ನಮ್ಮವರಿಗೆ ಬನಿಯನ್ ಬಿಚ್ಚಲು ಹೇಳಿದ. ಬಿಚ್ಚಿದರೆ ಎದೆಗಳೂ ಕೆಂಪು.

"ಅಣ್ಣಾ," ಎಂದ ರುಮಾಲಿನವನು ಹಿಂದೆ ನೋಡದೆ, "ಆಟಕ್ಕೆ ಬಂದ್ರಾ, ನಮ್ಮೂರಿಗೇ ಬಣ್ಣ ಹಾಕಕ್ಕೆ ಬಂದ್ರಾ?"

ಇಲ್ಲಿಗೆ ಮದುವೆ ಮನೆಯಲ್ಲಿ ಎಲೆ ಬರುತ್ತದೆ.

ಈಗ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಲೆಕ್ಕ ಹಾಕಿದರೆ, ಮಳೆ ಬಂದಿರಲಿಲ್ಲ. ಕಬ್ಬು ಕಡಿಯುವ ಕಾಲ. ಹಿಂದಿರುಗುವಾಗ ನನ್ನ ಚಪ್ಪಲಿಯ ತುಂಬ ಒಣ ಧೂಳಿತ್ತು. ಮಳೆಯನ್ನು ಕತೆಗೆ ತಂದವನು ನಾನು. ಬರೀ ಬೆವರಿಗೆ ಬಣ್ಣ ಬಿಟ್ಟಿತೆಂದರೆ ಕೇಳುವವರು ಏಕೆ ಎಂದು ಕೇಳುತ್ತಾರೆ. ಮಳೆ ಬಂದರೆ ಯಾರೂ ಕೇಳುವುದಿಲ್ಲ.

ಏಕೆ ಎಂದರೆ ಹೀಗೆ. ಬಣ್ಣ ಹಾಕಿದ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಕುದಿಸಿ, ಆಮೇಲೆ ತಣ್ಣೀರಿನಲ್ಲಿ ಮತ್ತೆ ಮತ್ತೆ ಜಾಲಿಸಬೇಕು. ಅಂಟದೆ ಉಳಿದ ಬಣ್ಣ ಆಗ ಹೋಗುತ್ತದೆ. ಮಾಮನ ಲೆಕ್ಕದಲ್ಲಿ ಕೆಂಪಿಗೆ ಆರು ನೀರು. ಕೊನೆಯಲ್ಲಿ ಒದ್ದೆ ಬಟ್ಟೆಯನ್ನು ತಮ್ಮ ಬಿಳಿ ಪಂಚೆಯ ಅಂಚಿಗೆ ಒರೆಸಿ ನೋಡುತ್ತಿದ್ದರು. ಗುರುತು ಬಿದ್ದರೆ ಇನ್ನೊಂದು ನೀರು. ಆ ಶನಿವಾರ ಮಧ್ಯಾಹ್ನ ಬೇರೆ ತೊಟ್ಟಿಯಲ್ಲಿ ಕೆಲಸವಿತ್ತೆಂದು ಜಾಲಿಸುವುದನ್ನು, ನನ್ನ ಕೆಲಸ ಮುಗಿಸಿ ಅಲ್ಲಿಗೆ ಬಂದಿದ್ದ ನನಗೆ ಒಪ್ಪಿಸಿದರು. ಹಿಂದಿನ ಬಯಲಿನಲ್ಲಿ ಹುಡುಗರು ಪ್ರಾಕ್ಟೀಸಿಗೆ ಇಳಿದಿದ್ದರು. ಚೆಂಡಿನ ಸದ್ದು ಕೇಳುತ್ತಿತ್ತು. ಮೂರನೆಯ ನೀರಿಗೆ ನಾನು ಬನಿಯನ್ನುಗಳನ್ನು ಹಿಂಡಿ ಹಗ್ಗಕ್ಕೆ ಹಾಕಿದೆ.

"ಆರೂ ಆಯ್ತಾ ಮಾಪ್ಳೆ?"

"ಆರೂ ಆಯ್ತು ಮಾಮ."

ಅವತ್ತು ಅವರು ಪಂಚೆಗೆ ಒರೆಸಿ ನೋಡಲಿಲ್ಲ. ನನ್ನ ಮಾತು ಸಾಕಾಗಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಕ್ಯಾಪ್ಟನ್ ಕೇಳಿದ, "ಏನ್ ಮಾಸ್ಟರ್, ಊರಿಗೆಲ್ಲ ಕಲರ್ ನಿಲ್ಲಿಸ್ತೀರಿ, ನಮಗೆ ಮಾತ್ರ ಇಲ್ವಾ?" ಮಾಮ, "ತಪ್ಪು ನಂದೇಪ್ಪ," ಎಂದರು. ನಾನು ಕಿಟಕಿಯ ಹೊರಗೆ ನೋಡಿದೆನೋ ನಿದ್ದೆ ನಟಿಸಿದೆನೋ ನೆನಪಿಲ್ಲ. ಎರಡರಲ್ಲಿ ಯಾವುದೇ ಆದರೂ ನನಗೆ ಮರ್ಯಾದೆಯಲ್ಲ. ಸೋಮವಾರ ಪಟ್ಟರೆಯ ಒಡೆಯ ಮುದಲಾಳಿ ಮಾಮನನ್ನು ಕರೆದು, ಹನ್ನೊಂದು ಬನಿಯನ್ನಿಗೆ ಬಣ್ಣ ನಿಲ್ಲಿಸಲಾರದವರ ಕೈಗೆ ವಿದೇಶದ ಆರ್ಡರ್ ಹೇಗೆ ಕೊಡಲಿ ಎಂದರಂತೆ. ಅವರನ್ನು ಬ್ಲೀಚಿಂಗ್ ಕಡೆಗೆ ಹಾಕಿದರು. ಬಣ್ಣವನ್ನೆಲ್ಲ ತೆಗೆದು ಬಿಳಿ ಮಾಡುವ ಕೆಲಸ, ಗಂಟಲು ಸುಡುವ ಪುಡಿ. ಆ ಪಟ್ಟರೆ ಮುಚ್ಚುವವರೆಗೂ ಅವರು ಅಲ್ಲೇ ಇದ್ದರು. ನಾನು ಮದುವೆ ಮನೆಗಳಲ್ಲಿ ಕತೆ ಹೇಳುತ್ತಿದ್ದೆ. ಅವರೂ ಪಂಕ್ತಿಯಲ್ಲಿ ಕೂತು ಕೇಳಿ ನಗುತ್ತಿದ್ದರು. ಮಳೆಯ ಸಂಗತಿಯನ್ನು ಅವರು ಒಮ್ಮೆಯೂ ತಿದ್ದಲಿಲ್ಲ.

ಮಾಮ ಈಗ ಕುನ್ನತ್ತೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಕೈ ಒರೆಸಿಕೊಂಡು ಫೋನ್ ಮಾಡಿದೆ.

"ಮಾಮ, ಮಡತ್ತುಕುಳ ಗ್ಯಾಪಕ ಐತಾ?"

"ಯಾಕ್ ಮಾಪ್ಳೆ, ಮತ್ತೆ ಆಟ ಐತಾ?"

"ಅವತ್ತು ನಾನು ಆರು ನೀರು ಜಾಲಿಸಲಿಲ್ಲ ಮಾಮ."

ಅವರಿಗೆ ಕೆಮ್ಮು ಬಂತು. ಆ ಕೆಮ್ಮು ನನಗೆ ಗೊತ್ತು. ಅದು ಮುಗಿಯುವವರೆಗೂ ಕಾದೆ.

"ಗೊತ್ತು," ಎಂದರು. "ಮೊದಲನೇ ಬನಿಯನ್ ಬೆವರಿಗೆ ಒದ್ದೆ ಆಗ್ತಿದ್ದಂಗೇ ಗೊತ್ತಾಯ್ತು. ಎಷ್ಟು ಜಾಲಿಸಿದೆ?"

"ಮೂರು."

ಆ ಕಡೆ ಕೋಳಿಯೊಂದು ಕೂಗುತ್ತಿತ್ತು.

"ಮೂರೇನಾ," ಎಂದರು. "ನಾನು ಇಷ್ಟ್ ವರ್ಷ ನಾಲ್ಕಾದ್ರೂ ಜಾಲಿಸಿರ್ತೀಯ ಅಂದ್ಕೊಂಡಿದ್ದೆ."

ಆಮೇಲೆ ಮಳೆ, ಬೆಳೆ, ಮೊಮ್ಮಗಳ ಕಾಲೇಜು ಎಂದು ಏನೇನೋ ಮಾತಾಡಿದೆವು. ಫೋನ್ ಇಟ್ಟು ಬಂದು ಬಕೆಟ್ಟಿನ ನೀರು ಚೆಲ್ಲಿದೆ. ಹೊಸ ನೀರು ಹಿಡಿದೆ, ಜಾಲಿಸಿದೆ, ಚೆಲ್ಲಿದೆ. ಆರನೆಯ ನೀರು ನನ್ನ ಕಣ್ಣಿಗೆ ತಿಳಿಯಾಗಿಯೇ ಕಂಡಿತು. ಟವೆಲಿನ ತುದಿಯನ್ನು ಉಟ್ಟ ಬಿಳಿ ಪಂಚೆಯ ಅಂಚಿಗೆ ಒರೆಸಿ ನೋಡಿದೆ. ತೆಳುವಾದ ಗುಲಾಬಿ ಗುರುತು ಬಿತ್ತು.

ಏಳನೆಯ ನೀರಿಗೆ ನಲ್ಲಿ ತಿರುಗಿಸಿದೆ.