ಕೋಟೆಬಾಗಿಲಲ್ಲಿ ಬಿಟ್ಟ ಶೂ

ಅಮೆರಿಕದಲ್ಲಿ ನಾವಿರುವ ಬಯಲೂರು ಫ್ರಿಸ್ಕೋದಲ್ಲಿ ಎತ್ತರವೆಂದರೆ ಹೆದ್ದಾರಿಯ ಫ್ಲೈಓವರ್ ಮಾತ್ರ. ಐದು ವರ್ಷ ಕಾರಿನಲ್ಲಿ ಅದನ್ನೇ ಹತ್ತಿ ಇಳಿದು ನನ್ನ ಕಾಲು ಜಡ್ಡುಗಟ್ಟಿತ್ತು. ಆ ಬೇಸಿಗೆಯಲ್ಲಿ ಗಂಡನನ್ನು ಫ್ರಾನ್ಸಿಗೆ ಎಳೆದುಕೊಂಡು ಹೋದೆ. ದ್ರಾಕ್ಷಿತೋಟಗಳ ಮೇಲಿನ ಗುಡ್ಡಸಾಲಿನಲ್ಲಿ ಮಧ್ಯಯುಗದ ಮೂರು ಪಾಳುಕೋಟೆಗಳಿದ್ದವು. ಮೂರನ್ನೂ ಒಂದೇ ದಿನದಲ್ಲಿ ಮುಗಿಸಬೇಕೆಂದು ನನ್ನ ಹಟ.

"ಸ್ವಲ್ಪ ಕೂರೋಣ ಕಣೆ," ಎಂದು ಅವನು ದಾರಿಯುದ್ದಕ್ಕೂ ಗೋಗರೆದ. ನಾನು ಕೂರಲಿಲ್ಲ. ಹೋಟೆಲ್ ರೂಮಿನಲ್ಲಿ ರೈಸ್ ಕುಕ್ಕರಿಟ್ಟು ಮಾಡಿದ ಚಿತ್ರಾನ್ನವನ್ನೂ ನಡೆಯುತ್ತಲೇ ತಿಂದೆ.

ಮೊದಲ ಕೋಟೆಯ ಕಲ್ಲುಬಾಗಿಲು ಬಂದಾಗ ನನ್ನ ಕಾಲು ತಾನಾಗಿಯೇ ಶೂ ಕಳಚಿತು. ಗುಡ್ಡದ ತುದಿ, ಕಲ್ಲಿನ ಬಾಗಿಲು ಅಂದಮೇಲೆ ಒಳಗೆ ದೇವರಿರಲೇಬೇಕಲ್ಲ!

"ಇಲ್ಲಿ ಯಾವ ದೇವ್ರು ಕಾಯ್ತಾ ಕೂತಿದಾನೆ ನಿಂಗೆ?" ಎಂದು ಅವನು ನಕ್ಕ.

ನನಗೆ ರೇಗಿತು. ಬರಿಗಾಲಲ್ಲೇ ಒಳಗೆ ಹೋದೆ. ಚಾವಣಿಯಿಲ್ಲದ ಗೋಡೆಗಳು, ನೆಲದ ತುಂಬ ಚೂಪುಗಲ್ಲು. ಬೇಗ ನಡೆಯಲು ಆಗಲೇ ಇಲ್ಲ. ಒಂದೊಂದೇ ಹೆಜ್ಜೆ ಊರುತ್ತ, ಬಿರುಕಿನಲ್ಲಿ ಬೆಳೆದ ಜರಿಗಿಡವನ್ನೂ ಕೆಳಗಿನ ದ್ರಾಕ್ಷಿಸಾಲುಗಳನ್ನೂ ಕಣ್ತುಂಬ ನೋಡಿದೆ.

ಹೊರಬಂದಾಗ ಅವನು ನೆರಳಿನಲ್ಲಿ ಕೂತು, ಪಕ್ಕದಲ್ಲಿ ನನಗೂ ಜಾಗ ಬಿಟ್ಟಿದ್ದ.

ನಾನು ನಿಂತೇ ಶೂಗೆ ಕಾಲು ತೂರಿಸಿ, ಲೇಸ್ ಕೂಡ ಕಟ್ಟದೆ, "ಏಳು, ಇನ್ನೂ ಎರಡಿದೆ," ಎಂದೆ.