ಖೋಲಿಯನ್ನು ಕೇಳುತ್ತಿದ್ದ ಸಿದ್ರಾಮ ಮಿಸ್ತ್ರಿ

ಮೇ ಹದಿನೆಂಟು, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಬೇಕೆಂದೇ ಈ ಹೊತ್ತು ನೋಡಿ ಬರೆಯಲು ಕೂತಿದ್ದೇನೆ. ಸಿದ್ರಾಮ ಮಿಸ್ತ್ರಿ ನಮ್ಮ ಮನೆಗೆ ಬರುತ್ತಿದ್ದದ್ದು ಇದೇ ಹೊತ್ತಿಗೆ.

ಸೊಲ್ಲಾಪುರದ ಬೇಸಿಗೆಯಲ್ಲಿ ಮೂರು ಗಂಟೆಗೆ ನಾಯಿ ಕೂಡ ಗಟಾರ ಬಿಟ್ಟು ಏಳುವುದಿಲ್ಲ. ಎ.ಸಿ. ರಿಪೇರಿಯ ಉಳಿದ ಮಿಸ್ತ್ರಿಗಳು ಬೆಳಿಗ್ಗೆ ಇಲ್ಲವೇ ಸಂಜೆ ಬರುತ್ತಾರೆ. ಇವರು ಮಾತ್ರ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಅಕ್ಕಲಕೋಟೆಯಿಂದ ಹಳೇ ಸ್ಕೂಟರಿನ ಮೇಲೆ ಉರಿಬಿಸಿಲಿನಲ್ಲೇ ಬರುತ್ತಿದ್ದರು. ಚಪ್ಪಲಿ ಬಿಟ್ಟು ಒಳಗೆ ಹೋದರೆ ಮೊದಲು ಎ.ಸಿ.ಯ ಕಡೆ ನೋಡುತ್ತಲೇ ಇರಲಿಲ್ಲ. ಕೈಯ ಹಿಂಬದಿಯನ್ನು ಗೋಡೆಗೆ ತಾಗಿಸುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ನಾಲ್ಕೂ ಗೋಡೆ ಮುಟ್ಟಿ, ಆಮೇಲೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಒಂದು ತಾಸು ಸುಮ್ಮನೆ ಕೂತುಬಿಡುತ್ತಿದ್ದರು.

ವಯಸ್ಸು ಐವತ್ತೈದರ ಆಚೆ. ಗ್ಯಾಸು ಚಿಮ್ಮಿ ಸುಟ್ಟ ಬಲಗೈ ಹೆಬ್ಬೆರಳಿನ ಉಗುರು ಬೆಳ್ಳಗಿತ್ತು. ಶರ್ಟಿನ ಕಿಸೆಯಲ್ಲಿ ಸಾಬೂನಿನ ಚೂರುಗಳ ಒಂದು ಡಬ್ಬಿ. ಅದನ್ನು ನೀರಿನಲ್ಲಿ ಕಲಸಿ ಪೈಪಿನ ಕೀಲುಗಳಿಗೆ ಹಚ್ಚಿ, ಎಲ್ಲಿ ಗುಳ್ಳೆ ಏಳುತ್ತದೆ ಎಂದು ನೋಡುತ್ತಿದ್ದರು. ಗುಳ್ಳೆ ಎದ್ದಲ್ಲಿ ಗ್ಯಾಸು ಸೋರುತ್ತದೆ ಎಂದು ಅರ್ಥ.

ನವಿ ಪೇಠಿನಲ್ಲಿ ನಮ್ಮದು ಟವೆಲ್, ಚಾದರದ ಅಂಗಡಿ. ಮೇಲಿನ ಮಹಡಿಯಲ್ಲೇ ಮನೆ. ಮಧ್ಯಾಹ್ನ ಅಪ್ಪ, ಅವ್ವ, ನಾನು ಮೂವರೂ ಕೆಳಗೆ ಅಂಗಡಿಯಲ್ಲಿರುತ್ತೇವೆ. ಮೇಲೆ ಇರುವವಳು ಅಪ್ಪನ ತಾಯಿ ಒಬ್ಬಳೇ. ಅವಳನ್ನು ನಾವು ಆಯಿ ಅನ್ನುತ್ತೇವೆ. ಎ.ಸಿ. ಇರುವುದು ಆಯಿಯೂ ನಾನೂ ಮಲಗುವ ಪಡುವಣ ಖೋಲಿಯಲ್ಲಿ. ಅದರ ಹೊರಗಿನ ಡಬ್ಬ ಹಿಂದಿನ ಬಾಲ್ಕನಿಯಲ್ಲಿ.

ನನಗೆ ತಾರೀಖು ಬರೆದಿಡುವ ಚಟ. ಸಿಲಿಂಡರ್ ಬಂದದ್ದು, ಹಾಲಿನವನು ತಪ್ಪಿಸಿದ್ದು, ಆಯಿಯ ಗುಳಿಗೆ ತೀರಿದ್ದು, ಎಲ್ಲವೂ ನನ್ನ ವಹಿಯಲ್ಲಿ ಇರುತ್ತವೆ. ನಾಲ್ಕನೇ ಇಯತ್ತೆಯ ತನಕ ಅಕ್ಕಲಕೋಟೆಯಲ್ಲಿ ಅವ್ವನ ತವರಿನಲ್ಲಿದ್ದು ಕನ್ನಡ ಶಾಲೆಗೆ ಹೋದವಳು ನಾನು. ಮನೆಯಲ್ಲಿ ಬೇರೆ ಯಾರಿಗೂ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ವಹಿಯನ್ನು ಎಲ್ಲಿ ಬೇಕಾದರೂ ತೆರೆದು ಇಡಬಹುದು ಅಂದುಕೊಂಡಿದ್ದೆ. ಮಿಸ್ತ್ರಿ ಮೊದಲನೇ ಸಲ ಬಂದ ದಿನ ಅದನ್ನು ಎತ್ತಿಕೊಂಡು ಜೋರಾಗಿ ಓದಿದರು: “ಮಿಸ್ತ್ರಿ ಒಂದು ತಾಸು ಸುಮ್ಮನೆ ಕೂತರು.”

ನನಗೆ ನಾಚಿಕೆಯಾಗಿ ವಹಿ ಕಸಿದುಕೊಂಡೆ. ಅವರು ನಕ್ಕರು. “ಖರೇ ಬರದೀ ತಂಗಿ. ಖೋಲಿ ಮಾತಾಡಬೇಕಾದ್ರ ನಾವು ಸುಮ್ಮನಿರಬೇಕವಾ. ಮೊದಲ ಖೋಲಿ ಕೇಳಬೇಕು, ಮಷೀನ್ ಆಮ್ಯಾಲ.”

ಅಂದಿನಿಂದ ನಾನು ಅವರಿಗೆ ತಲಾಠಿ ತಂಗಿಯಾದೆ, ಊರಿನ ಲೆಕ್ಕ ಬರೆಯುವ ತಲಾಠಿಯ ಹಾಗೆ ಎಲ್ಲವನ್ನೂ ಬರೆದಿಡುವವಳು. ಕೆಲಸ ಮುಗಿಸಿದ ಮೇಲೆ ಎ.ಸಿ.ಯ ಮುಚ್ಚಳದ ಒಳಗಡೆ ತಾರೀಖು ಬರೆಯುವುದು ಅವರ ರೂಢಿ. ನಮ್ಮ ಮನೆಯಲ್ಲಿ ಪೆನ್ನು ನನ್ನ ಕೈಗೆ ಕೊಡುತ್ತಿದ್ದರು. “ನಿನ್ನ ಅಕ್ಷರ ಛಂದ ಅದಾವು. ಮುಂದ ಬಿಚ್ಚಾವಗ ತ್ರಾಸ ಆಗಬಾರದು” ಅನ್ನುತ್ತಿದ್ದರು.

ಅವರು ಬಂದದ್ದು, ಗ್ಯಾಸು ತುಂಬಿದ್ದು, ಹದಿನಾಲ್ಕು ತಿಂಗಳಲ್ಲಿ ಮೂರು ಸಲ. ಮೊದಲನೇ ಸಲ ನಾನು ಜೊತೆಗಿದ್ದೆ. ಎರಡನೇ ಸಲ ಅಂಗಡಿಯಲ್ಲಿ ಗಿರಾಕಿಗಳಿದ್ದರು, ಮೇಲೆ ಆಯಿ ಇದ್ದಾಳೆ ಹೋಗಿ ಎಂದು ಕಳಿಸಿದೆ. ಮೂರನೇ ಸಲ, ಹೋದ ವರ್ಷ ಏಪ್ರಿಲ್‌ನಲ್ಲಿ ತುಂಬಿದ ಗ್ಯಾಸು ಹದಿನೆಂಟು ದಿನಕ್ಕೆ ಖಾಲಿಯಾಗಿ ಕಂಪ್ರೆಸರ್ರೇ ಸುಟ್ಟಿತು. ಹೊಸದು ಕೊಳ್ಳುವುದೆಂದು ಮನೆಯಲ್ಲಿ ಠರಾವಾಯಿತು.

ನಾನು ಐದು ಮಾಡೆಲ್‌ಗಳ ತಖ್ತೆ ಮಾಡಿದೆ. ಎಷ್ಟು ಟನ್, ಎಷ್ಟು ಸ್ಟಾರ್, ಎಷ್ಟು ವರ್ಷದ ಗ್ಯಾರಂಟಿ, ಹೀಗೆ. ಅಪ್ಪನಿಗೆ ಎರಡು ಟನ್ನಿನದೇ ಬೇಕಿತ್ತು, ಎದುರಿನ ಅಂಗಡಿಯವರ ಮನೆಯಲ್ಲಿ ಅದೇ ಇತ್ತು. ಮಿಸ್ತ್ರಿ ಮೂರು ಗಂಟೆಗೆ ಬಂದು, ಗೋಡೆ ಮುಟ್ಟಿ, ಕೂತು, ಎದ್ದು ಒಂದೂವರೆ ಟನ್ ಸಾಕು ಅಂದರು. “ಎರಡೆಕರೆ ಹೊಲಕ್ಕ ಎಂಟೆತ್ತು ಹೂಡಿದ್ರ ತಿರುಗಾಕ ಜಾಗಾ ಸಾಲೂದಿಲ್ಲರಿ ಸಾವಕಾರ್ರ. ದೊಡ್ಡದು ಲಗೂನ ಥಂಡಿ ಮಾಡಿ ಬಂದ್ ಆಕ್ಕೈತಿ, ಖೋಲ್ಯಾಗ ಜಿಗಟು ಹಂಗ ಉಳೀತೈತಿ.” ಆಮೇಲೆ ಇನ್ನೊಂದು ಮಾತು ಹೇಳಿದರು. ಹೊರಗಿನ ಡಬ್ಬವನ್ನು ಬಾಲ್ಕನಿಯಿಂದ ತೆಗೆದು ಮಾಳಿಗೆಯ ಮೇಲೆ, ಅಂದರೆ ಮನೆಯ ತಾರಸಿಯಲ್ಲಿ ಇಡಬೇಕು. ಇಲ್ಲದಿದ್ದರೆ ಯಾವುದನ್ನು ತಂದರೂ ಅಷ್ಟೇ.

ಮಾಳಿಗೆಗೆ ಹೋದರೆ ತಾಮ್ರದ ಪೈಪು ದುಪ್ಪಟ್ಟು ಬೇಕು. ಯಾಕೆ ಅಂದೆ. ಬಾಲ್ಕನಿಯಲ್ಲಿ ಗಾಳಿ ಆಡುವುದಿಲ್ಲ ಅಂದರು. ನಾನು ಮೊದಲೇ ಟೇಪು ಹಿಡಿದು ಅಳೆದಿದ್ದೆ, ಡಬ್ಬದ ಮುಂದೆ ನಾಲ್ಕು ಅಡಿ ತೆರಪಿತ್ತು. ಇದು ಸುಳ್ಳು ಎಂದು ಗೊತ್ತಾಯಿತು. ಅವರು ಆ ಮಾತು ಹೇಳುವಾಗ ನನ್ನನ್ನು ನೋಡಲಿಲ್ಲ, ಆಯಿಯ ಕಡೆ ನೋಡಿದರು. ಅದನ್ನೂ ಆ ರಾತ್ರಿ ವಹಿಯಲ್ಲಿ ಬರೆದೆ, “ಕಣ್ಣು ತಪ್ಪಿಸಿದರು” ಎಂದು.

ಮರುದಿನ ಅಪ್ಪ, ಅವ್ವ, ಆಯಿ ಎಲ್ಲರೂ ಇರುವಾಗ ಅವರನ್ನು ಕರೆಸಿದೆ. ಆಯಿ ಗೋಡೆಗೆ ಒರಗಿ ಹೂಬತ್ತಿ ಹೊಸೆಯುತ್ತಿದ್ದಳು. ನಾನು ನಿಂತುಕೊಂಡು ಮೂರೂ ತಾರೀಖು ಓದಿದೆ. ಮನಸ್ಸಿನಲ್ಲಿ ಒಂದು ವಾಕ್ಯ ಕಟ್ಟಿಕೊಂಡು ಬಂದಿದ್ದೆ, ಅದನ್ನೂ ಹೇಳಿದೆ: “ಮಿಸ್ತ್ರಿ, ಮೂರು ಸಲ ತುಂಬೀರಿ, ಒಮ್ಮೆನೂ ಸೋರೂದು ನಿಂತಿಲ್ಲ. ಒಂದೋ ನಿಮಗ ಕೆಲಸ ಬರೂದಿಲ್ಲ, ಇಲ್ಲಾ ಚೊಲೋ ಬರತೈತಿ.”

ದುಡ್ಡಿಗಾಗಿ ಬೇಕೆಂದೇ ಸೋರಲು ಬಿಡುತ್ತೀರಿ ಎಂಬ ಕುಟುಕು ತಿಳಿದು ಅಪ್ಪ ಮೀಸೆಯಲ್ಲೇ ನಕ್ಕರು. ಮಿಸ್ತ್ರಿ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಪೂರ್ತಿ ಕುಡಿದು ಕೆಳಗಿಟ್ಟರು.

“ಲೆಕ್ಕ ಬರೋಬ್ಬರಿ ಐತಿ ತಂಗಿ” ಅಂದರು. “ಮೂರ ಸಲ.”

ಆಯಿಗೆ ಕೈಮುಗಿದು, ಚೀಲ ತೆಗೆದುಕೊಂಡು ಇಳಿದು ಹೋದರು. ಆಯಿಯ ಕೈಯಲ್ಲಿ ಬತ್ತಿ ಅರ್ಧಕ್ಕೇ ನಿಂತಿತ್ತು. ನಾನು ಗೆದ್ದೆ ಅಂದುಕೊಂಡೆ.

ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಪೇಠಿನ ಅಂಗಡಿಕಾರರದು ಒಂದು ವಾಟ್ಸಾಪ್ ಗ್ರೂಪ್ ಇದೆ. ಮೂರು ತಾರೀಖು, ಮಿಸ್ತ್ರಿಯ ಹೆಸರು, ಊರು, “ಇವರನ್ನು ಕರೆಯುವ ಮುಂಚೆ ಯೋಚಿಸಿ” ಎಂಬ ಸಾಲು, ಎಲ್ಲವನ್ನೂ ಮರಾಠಿಯಲ್ಲಿ ಬರೆದು ಅದರಲ್ಲಿ ಹಾಕಿದೆ. ಒಂದು ತಾಸಿನಲ್ಲಿ ಹತ್ತೊಂಬತ್ತು ಹೆಬ್ಬೆರಳು ಬಂದವು. ಎಣಿಸಿದ್ದೆ. ಹುಡುಗಿ ಹುಷಾರಿದ್ದಾಳೆ ಎಂದು ಎದುರಿನ ಅಂಗಡಿಯವರು ಅಪ್ಪನಿಗೆ ಹೇಳಿದರು.

ಎರಡು ಟನ್ನಿನದು ಬಂತು. ಶೋರೂಮಿನ ಇಬ್ಬರು ಹುಡುಗರು ನಲವತ್ತು ನಿಮಿಷದಲ್ಲಿ ಅದೇ ಬಾಲ್ಕನಿಯಲ್ಲಿ ಕೂರಿಸಿ ಹೋದರು. ಅವರು ಯಾವ ಗೋಡೆಯನ್ನೂ ಮುಟ್ಟಲಿಲ್ಲ. ಖೋಲಿ ಬೇಗ ತಂಪಾಗುತ್ತಿತ್ತು, ಮಷೀನು ತಟಕ್ಕನೆ ನಿಲ್ಲುತ್ತಿತ್ತು, ಹಾಸಿಗೆ ಮಾತ್ರ ಜಿಗಿಜಿಗಿ ಅನ್ನುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ.

ಮೂವತ್ತೆಂಟನೇ ದಿನ ತಂಪು ನಿಂತಿತು. ಶೋರೂಮಿಗೆ ಫೋನು ಮಾಡಿದೆ, ನಾಳೆ ಬರುತ್ತೇವೆ ಅಂದರು. ಗ್ಯಾರಂಟಿಯ ಕಾಗದ ಹುಡುಕಲು ಮಧ್ಯಾಹ್ನ ಎರಡೂವರೆಗೆ ಮನೆಗೆ ಹತ್ತಿ ಬಂದೆ. ಆ ಹೊತ್ತಿಗೆ ನಾನು ಮನೆಗೆ ಬರುವುದೇ ಇಲ್ಲ. ಖೋಲಿಯ ಬಾಗಿಲಿನಿಂದ ಬಾಲ್ಕನಿ ಕಂಡಿತು.

ಡಬ್ಬಕ್ಕೆ ಸೇರುವ ತಾಮ್ರದ ಪೈಪಿನ ಮೇಲೆ ಆಯಿಯ ಒಂಬತ್ತು ಗಜದ ಮಡಿ ಸೀರೆ ಒಣಗುತ್ತಿತ್ತು. ಹಿಂಡಲು ಅವಳಿಗೆ ಶಕ್ತಿ ಇಲ್ಲ, ನೀರು ಧಾರೆಯಾಗಿ ಇಳಿಯುತ್ತಿತ್ತು. ಆ ಭಾರಕ್ಕೆ ಪೈಪು ಕೆಳಗೆ ಜಗ್ಗಿ, ಕೀಲಿನ ಹತ್ತಿರ ಬಾಗಿತ್ತು.

ಪೂಜೆಗೆ ಉಡುವ ಸೀರೆಯನ್ನು ಯಾರೂ ಮುಟ್ಟದ ಜಾಗದಲ್ಲಿ ಒಣಗಿಸಬೇಕು. ಮಾಳಿಗೆಯ ಮೆಟ್ಟಿಲು ಆಯಿಯ ಮೊಣಕಾಲಿಗೆ ಆಗುವುದಿಲ್ಲ. ಒಮ್ಮೆ ಹತ್ತಲು ಹೋಗಿ ಜಾರಿದಾಗ, ಇನ್ನು ಮೇಲೆ ಸೀರೆಯನ್ನು ಎಲ್ಲರ ಬಟ್ಟೆಯ ಜೊತೆ ವಾಷಿಂಗ್ ಮಷೀನಿಗೆ ಹಾಕುತ್ತೇನೆ ಎಂದು ಅವ್ವ ಹೇಳಿದ್ದಳು. ಆಯಿ ಹೂಂ ಅಂದಿದ್ದಳು. ಹಾಗಂದೂ, ನಾವು ಅಂಗಡಿಗೆ ಇಳಿದ ಮೇಲೆ ಪೂಜೆಯ ಸೀರೆಯನ್ನು ತಾನೇ ಒಗೆದು, ಎ.ಸಿ.ಯ ಪೈಪನ್ನು ಯಾರು ಮುಟ್ಟುತ್ತಾರೆ ಎಂದು ಅಲ್ಲಿ ಹಾಕುತ್ತಿದ್ದಳು.

ನಾನು ಕೇಳುವ ಮೊದಲೇ ಆಯಿ ಮಾತಾಡಿದಳು. “ಅಂವಗ ಗೊತ್ತಿತ್ತವಾ. ಎರಡನೇ ಸಲ ಬಂದಾಗ ನೋಡಿದ. ಮನ್ಯಾಗ ಹೇಳಬ್ಯಾಡಪಾ ಅಂತ ನಾನಽ ಆಣಿ ಹಾಕಿದ್ದೆ. ಹೇಳೂದಿಲ್ಲವ್ವಾ ಅಂದು, ತಾನಽ ಒಂದು ಹಗ್ಗ ಕಟ್ಟಿ ಕೊಟ್ಟ.”

ಹಗ್ಗ ಎಲ್ಲಿ ಎಂದು ಕೇಳಿದೆ.

“ದೀಪಾವಳಿಗೆ ನೀನಽ ಬಿಚ್ಚಿ ಒಗದಿ” ಅಂದಳು.

ವಹಿ ತೆಗೆದು ನೋಡಿದೆ. ಇತ್ತು. “ಬಾಲ್ಕನಿ ಸ್ವಚ್ಛ. ಬೇಡದ ಹಗ್ಗ ಒಂದು, ತೆಗೆದೆ.” ಮೂರನೇ ಸಲ ಬಂದಾಗ ಮಿಸ್ತ್ರಿ ಇನ್ನೊಂದು ಹಗ್ಗ ಕಟ್ಟಲು ಹೋದರಂತೆ. ಹುಡುಗಿ ಮತ್ತೆ ಬಿಚ್ಚಿ ಯಾಕೆಂದು ಕೇಳುತ್ತಾಳೆ, ಬೇಡ ಎಂದಳಂತೆ ಆಯಿ. ಅದಕ್ಕೇ ಅವರು ಮಾಳಿಗೆ ಅಂದದ್ದು. ನಾನು ತಾರೀಖು ಓದಿದ ದಿನ ಒಂದು ಮಾತು ಹೇಳಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಆಯಿ ಎದುರಿಗೇ ಕೂತಿದ್ದಳು.

ಅವತ್ತೇ ಗ್ರೂಪಿನಲ್ಲಿ ತಪ್ಪಾಯಿತು ಎಂದು ಬರೆದೆ. ಸೀರೆಯ ವಿಷಯ ಬರೆಯಲಿಲ್ಲ, ತಪ್ಪು ನಮ್ಮ ಮನೆಯದು ಎಂದಷ್ಟೇ ಬರೆದೆ. ಎರಡು ಹೆಬ್ಬೆರಳು ಬಂದವು. ಮಿಸ್ತ್ರಿಗೆ ಫೋನು ಮಾಡಿದೆ, ನಂಬರು ಬಂದ್ ಆಗಿತ್ತು. ಗುರುವಾರ ಅವರು ಕೆಲಸ ಹಿಡಿಯುವುದಿಲ್ಲ, ಅಕ್ಕಲಕೋಟೆಯಲ್ಲೇ ಇರುತ್ತಾರೆ ಎಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಆದರೂ ಒಂದೊಂದು ನೆವ ಹೇಳಿಕೊಂಡು ಹನ್ನೊಂದು ಗುರುವಾರ ಕಳೆದೆ.

ಹನ್ನೆರಡನೇ ಗುರುವಾರ ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ ಇದ್ದಲ್ಲಿ ಮೊಬೈಲ್ ಕವರು ಮಾರುತ್ತಿದ್ದರು. ಪಕ್ಕದಲ್ಲಿ ಹೂವು, ತೆಂಗಿನಕಾಯಿ ಇಟ್ಟುಕೊಂಡಿದ್ದ ಹೆಂಗಸು ಹೇಳಿದಳು: ಹೋಗಿ ಒಂದು ತಿಂಗಳಾಯಿತು. ಬಾರ್ಶಿ ಕಡೆ ಮಗಳ ಮನೆಗೆ ಹೋದ ಅಂತಾರೆ, ಪುಣೆಗೆ ಹೋದ ಅಂತಲೂ ಅಂತಾರೆ.

“ಸೊಲ್ಲಾಪುರದ ಕೆಲಸ ಒಮ್ಮಿಗೆ ನಿಂತುವು ನೋಡ್ರಿ. ಯಾರೋ ಒಬ್ಬಾಕಿ ಮೊಬೈಲದಾಗ ಬರದಾಳಂತ. ನಾನು ಬೈದ್ರ ಅಂವ ಬೈಯಗೊಡಲಿಲ್ಲ. ಆ ಹುಡುಗಿ ಬರದ ತಾರೀಖು ಒಂದೂ ಸುಳ್ಳಲ್ಲ ಅಂತಿದ್ದ.” ಆಮೇಲೆ ನನ್ನನ್ನು ನೋಡಿ, “ನೀವು ಯಾರು ತಾಯಿ?” ಅಂದಳು.

ಗಿರಾಕಿ ಅಂದೆ.

ಈ ವರ್ಷ ಮಾಳಿಗೆಯ ಮೇಲೆ ಡಬ್ಬ ಹೋಗಿದೆ. ಬಾಲ್ಕನಿಯಲ್ಲಿ ಹಗ್ಗ ಕಟ್ಟಿದ್ದೇನೆ, ಅದು ಯಾರಿಗೆ ಎಂದು ಅವ್ವನಿಗೂ ತಿಳಿದಿದೆ. ಆದರೆ ನಾನು ಯಾರೆಂದು ಅಕ್ಕಲಕೋಟೆಯ ಆ ಹೆಂಗಸಿಗೆ ಇನ್ನೂ ತಿಳಿದಿಲ್ಲ. ಇದನ್ನು ಪತ್ರಿಕೆಗೆ ಕನ್ನಡದಲ್ಲಿ ಬರೆಯುತ್ತಿರುವುದು ಮಿಸ್ತ್ರಿಗೆ ಕನ್ನಡ ಓದಲು ಬರುತ್ತದೆ ಎಂದು.

ಓದಿದವರಲ್ಲಿ ಯಾರಾದರೂ ಸಿದ್ರಾಮ ಮಿಸ್ತ್ರಿಯನ್ನು ಕಂಡಿದ್ದರೆ, ಬೆಳ್ಳಗಿನ ಉಗುರಿನ, ಮೂರು ಗಂಟೆಯ ಬಿಸಿಲಿನಲ್ಲಿ ಬರುವ ಮಿಸ್ತ್ರಿ ನಿಮ್ಮೂರಲ್ಲಿ ಕೆಲಸಕ್ಕೆ ಇದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ನನ್ನ ಬಗ್ಗೆ ಅವರು ಏನಾದರೂ ಅಂದಿದ್ದರೆ ಅದನ್ನೂ ತಿದ್ದದೆ ಬರೆಯಿರಿ. ಅವರೇ ಎದುರಿಗೆ ಸಿಕ್ಕರೆ ಇಷ್ಟು ತಿಳಿಸಿ: ಆಯಿ ತಾನೇ ಬಾಯಿಬಿಟ್ಟು ಎಲ್ಲ ಹೇಳಿದ್ದಾಳೆ, ಇನ್ನು ಅವರು ಸುಮ್ಮನಿರಬೇಕಾಗಿಲ್ಲ.