ಬಾಯಮ್ಮನ ಹಡಗು

ಬಾಯಮ್ಮನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಕಡಲೆಕಾಳಿನ ಗಾತ್ರದ ಒಂದು ಜಡ್ಡು ಇತ್ತು. ಮಲ್ಲಿಗೆ ಕಟ್ಟುವವರ ತೋರುಬೆರಳಿನಲ್ಲಿ ಬಾಳೆನಾರಿನ ಗೆರೆ ಬೀಳುವುದು ನಮ್ಮ ಕಡೆ ಎಲ್ಲರೂ ಕಂಡದ್ದೇ. ಆ ಗೆರೆಯೂ ಅವರಿಗಿತ್ತು. ಆದರೆ ಹೆಬ್ಬೆರಳಿನ ಜಡ್ಡು ಮಲ್ಲಿಗೆಯದಲ್ಲ, ವಿಡಿಯೋ ಗೇಮಿನದು.

ಎಂಬತ್ತರ ದಶಕದ ನಡುವೆ ನಾನು ಕಾರ್ಕಳದಿಂದ ಇನ್ನಂಜೆಯ ಹತ್ತಿರದ ಶಾಲೆಗೆ ವಿಜ್ಞಾನದ ಟೀಚರಾಗಿ ಬಂದು, ಬಾಯಮ್ಮನ ಮನೆಯ ಎದುರುಕೋಣೆಯಲ್ಲಿ ಬಾಡಿಗೆಗಿದ್ದೆ. ಕೊಂಕಣಿ ಮಾತಿನ ಕ್ರಿಶ್ಚಿಯನ್ ಮನೆ. ಮಕ್ಕಳಿರಲಿಲ್ಲ. ಗಂಡ ಕುವೈಟಿನ ಕಡೆ ಎಣ್ಣೆ ಸಾಗಿಸುವ ಹಡಗಿನಲ್ಲಿ ಅಡುಗೆಯವರು. ಬಾಯಮ್ಮನಿಗೆ ತುಳು ಚೆನ್ನಾಗಿ ಬರುತ್ತಿತ್ತು, ನನ್ನ ಮನೆಮಾತೂ ಅದೇ. ಆದರೂ ಟೀಚರ ಹತ್ತಿರ ಕನ್ನಡವನ್ನೇ ಮಾತಾಡಬೇಕೆಂದು ಅವರ ಹಟ.

ಗಂಡ ರಜೆಯಲ್ಲಿ ಬಂದಾಗ ಟಿ.ವಿ.ಯನ್ನೂ ಅದಕ್ಕೆ ಸಿಕ್ಕಿಸುವ ಆಟದ ಪೆಟ್ಟಿಗೆಯನ್ನೂ ತಂದಿದ್ದರು. ಪರದೆಯ ಕೆಳಗೆ ಒಂದು ಪುಟ್ಟ ಹಡಗು. ಮೇಲಿನಿಂದ ಬಾಂಬು ಬೀಳುತ್ತವೆ. ಜಾಯ್‌ಸ್ಟಿಕ್ ಎಂಬ ಕೋಲನ್ನು ಎಡಬಲ ವಾಲಿಸಿ ತಪ್ಪಿಸಿಕೊಳ್ಳಬೇಕು, ಗುಂಡಿ ಒತ್ತಿ ಬಾಂಬನ್ನು ಗಾಳಿಯಲ್ಲೇ ಒಡೆಯಬೇಕು. ಒಂದು ಸುತ್ತು ದಾಟಿದರೆ ಚಿಕ್ಕದೊಂದು ರಾಗ ಬಂದು, ಮುಂದಿನ ಸುತ್ತು ಇನ್ನೂ ಜೋರಾಗುತ್ತದೆ. ಗೆಲುವು ಎಂಬುದು ಆ ಆಟದಲ್ಲಿ ಇರಲೇ ಇಲ್ಲ. ಮೂರು ಹಡಗು ಮುಳುಗಿದರೆ ಮುಗಿಯಿತು. ಗಂಡಹೆಂಡತಿ ಸರದಿಯಲ್ಲಿ ಆಡಿ ಮುಳುಗಿಸಿ ನಗುವುದು ಗೋಡೆಯಾಚೆ ನನಗೆ ಕೇಳುತ್ತಿತ್ತು.

ಅವರು ಹಡಗಿಗೆ ಮರಳಿದ ಮೇಲೆ ನಗು ನಿಂತಿತು, ಆಟ ನಿಲ್ಲಲಿಲ್ಲ. ಆಗ ಆ ಕಡಲಲ್ಲಿ ಯುದ್ಧ. ಎಣ್ಣೆ ಹಡಗುಗಳ ಮೇಲೆ ಬಾಂಬು ಬಿತ್ತೆಂದು ರೇಡಿಯೋ ವಾರ್ತೆಯಲ್ಲಿ ಆಗಾಗ ಬರುತ್ತಿತ್ತು. ಬಾಯಮ್ಮ ಬೆಳಿಗ್ಗೆ ಮಲ್ಲಿಗೆ ಕೊಯ್ದು, ಕಟ್ಟಿ, ಹೂವಿನವನಿಗೆ ಕೊಟ್ಟು, ಬೇರೆ ಕೆಲಸ ಮುಗಿಸಿ ಮಧ್ಯಾಹ್ನ ಪೆಟ್ಟಿಗೆಯ ಮುಂದೆ ಕೂತರೆ, ಏಳುವುದು ಇಗರ್ಜಿಯ ಸಂಜೆಯ ಗಂಟೆ ಕೇಳಿದಾಗ. ಗಂಟೆಯ ಮೊದಲ ಬಡಿತಕ್ಕೇ ಸ್ವಿಚ್ ಆರಿಸಿ ಮೊಣಕಾಲೂರಿ ಪ್ರಾರ್ಥನೆಗೆ ತೊಡಗುವರು. ಒಂದು ದಿನವೂ ತಪ್ಪಿದ್ದಿಲ್ಲ. ಗಂಟೆ ಬಡಿಯುವ ಮೊದಲು ಎರಡು ಹಡಗು ಮುಳುಗಬಹುದು, ಕೊನೆಯದು ಮಾತ್ರ ಮುಳುಗಕೂಡದು. ಹೀಗೊಂದು ಕಟ್ಟುಪಾಡನ್ನು ಅವರೇ ಮಾಡಿಕೊಂಡಿದ್ದರು. ಯಾಕೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ನಾನು ಇಂಥದಕ್ಕೆಲ್ಲ ಮೂಗು ಮುರಿಯುವವಳು. "ಕೊನೆಯ ಹಡಗಿಗೆ ಬಂದಾಗಲೇ ಆರಿಸಿಬಿಡಿ ಬಾಯಮ್ಮ, ಇಷ್ಟು ನಡುಗಿಕೊಂಡು ಯಾಕೆ ಆಡಬೇಕು?" ಎಂದೆ ಒಮ್ಮೆ.

"ಬಿಡ್ಲಿಕ್ಕೆ ಆಗುವುದಿಲ್ಲ ಟೀಚರೇ. ಆ ರಾಗ ಬಂತಲ್ವಾ, ಇನ್ನೊಂದು ಸುತ್ತು ದಾಟಿಸಿಬಿಡುವಾ ಅಂತ ಕಾಣ್ತದೆ." ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು, "ಸುಮ್ಮನೆ ಕೂತರೂ ಹೆದರಿಕೆ ಉಂಟು. ಆಡಿದರೂ ಉಂಟು. ಆದರೆ ಈ ಹೆದರಿಕೆಗೆ ಒತ್ತಲಿಕ್ಕೆ ಒಂದು ಗುಂಡಿ ಉಂಟು ನೋಡಿ. ಆ ರೇಡಿಯೋದ ಹೆದರಿಕೆಗೆ ನಾನು ಎಂತ ಒತ್ತುವುದು?"



ಆ ಮಳೆಗಾಲ ಮುಗಿಯುವ ಹೊತ್ತಿಗೆ ಗಂಡನ ಕಾಗದ ಬರುವುದು ನಿಂತಿತು. ಬಾಯಮ್ಮ ಊಟ ಬಿಟ್ಟರು. ಶಾಲೆಯಿಂದ ಬರುವಾಗ ಗೇಟಿನಲ್ಲೇ ಆಟದ ಸದ್ದು ಕೇಳಿದರೆ ನನಗೆ ಸಮಾಧಾನ, ಕೇಳದಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಮೂಗು ಮುರಿಯುತ್ತಿದ್ದ ನನಗೂ ಆ ಭಯ ಅಂಟಿಕೊಂಡಿತ್ತು.

ಒಂದು ಸಂಜೆ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಪರದೆಯಲ್ಲಿ ಕೊನೆಯ ಹಡಗು. ಹೊರಗೆ ಸೈಕಲ್ ಬೆಲ್ಲು, ಹಿಂದೆಯೇ "ತಂತಿ ಉಂಟು!" ಎಂಬ ಕೂಗು.

ಬಾಯಮ್ಮ ದಡಕ್ಕನೆ ಎದ್ದರು. ಆ ಪೆಟ್ಟಿಗೆಯಲ್ಲಿ ಆಟವನ್ನು ತಡೆದು ನಿಲ್ಲಿಸುವ ಗುಂಡಿ ಇರಲಿಲ್ಲ. ಆರಿಸುವುದೂ ಅವರಿಗೆ ಹೊಳೆಯಲಿಲ್ಲ. ಕೋಲನ್ನು ನನ್ನ ಕೈಗೆ ತುರುಕಿ, "ಹಿಡೀರಿ ಟೀಚರೇ. ಮುಳುಗಿಸಬೇಡಿ" ಎಂದು ಓಡಿದರು.

ಅಲ್ಲಿಯವರೆಗೆ ನಾನು ಅದನ್ನು ಮುಟ್ಟಿದವಳಲ್ಲ. ಬೆವರಿಗೆ ಕೋಲು ಜಾರುತ್ತಿತ್ತು. ಬಾಂಬುಗಳು ಬಿಡದೆ ಸುರಿಯುತ್ತಿದ್ದವು. ತಿರುಗಿ ಅಂಗಳ ನೋಡುವಂತಿಲ್ಲ, ರೆಪ್ಪೆ ಬಡಿಯುವಂತಿಲ್ಲ. ಇದೆಲ್ಲ ಮೂಢತನ ಎಂದು ನನ್ನ ಬುದ್ಧಿ ಹೇಳುತ್ತಲೇ ಇತ್ತು, ಕೈ ಕೇಳಲಿಲ್ಲ. ಸುತ್ತು ದಾಟಿತು. ಆ ರಾಗ ಬಂತು. ನಾಚಿಕೆಯಾದರೂ ಹೇಳುತ್ತೇನೆ, ಇನ್ನೊಂದು ದಾಟಿಸಬೇಕು ಎಂದು ನನಗೂ ಆಸೆ ಹುಟ್ಟಿತು.

ಅಂಗಳದಿಂದ ಅಳುವಿನ ಸದ್ದು ಬರಲಿಲ್ಲ. ಬಾಯಮ್ಮ ಬಂದು ನನ್ನ ಬೆನ್ನ ಹಿಂದೆ ನಿಂತದ್ದು ತಿಳಿಯಿತು. "ಎಡಕ್ಕೆ," ಎಂದರು ಮೆಲ್ಲಗೆ. "ಹಾಂ, ಹಾಗೆ. ಈಗ ಬಲಕ್ಕೆ." ಒಳ್ಳೆಯ ಸುದ್ದಿಯೇ ಇರಬೇಕೆಂದು ನನ್ನ ಜೀವ ಹಗುರವಾಯಿತು. ಆಡಿದೆ.

ಇಗರ್ಜಿಯ ಗಂಟೆ ಬಡಿಯಿತು. ಬಾಯಮ್ಮ ಸ್ವಿಚ್ಚಿಗೆ ಕೈ ಹಾಕಲಿಲ್ಲ.

"ಬಾಯಮ್ಮ, ಗಂಟೆ ಆಯಿತು ಅಲ್ವಾ?"

"ಇರಲಿ. ಇನ್ನು ಸ್ವಲ್ಪ ಆಡಿ."

ತಿರುಗಿ ನೋಡಿದೆ. ತಂತಿಯ ಕಾಗದ ಅವರ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ಅಷ್ಟರಲ್ಲಿ ಪರದೆಯಲ್ಲಿ ಹಡಗು ಒಡೆದ ಸದ್ದು. ನಾನು ಕಿರುಚಿಬಿಟ್ಟೆ.

ಆಗ ಅವರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. "ಹೆದರಬೇಡಿ ಟೀಚರೇ. ಇವರು ಹೋಗಿ ನಾಲ್ಕು ದಿನ ಆಯ್ತಂತೆ. ನಿಮ್ಮ ಕೈಯಿಂದ ಆದದ್ದಲ್ಲ."

ವಿಧವೆಯಾದ ಸುದ್ದಿ ಓದಿದ ಹೆಂಗಸು ಮೊದಲು ಮಾಡಿದ ಕೆಲಸ ಇದು. ಅಳು ಆಮೇಲೆ ಬಂತು, ಊರೆಲ್ಲ ಸೇರುವಂತೆ ಬಂತು.

ಆಟದ ಪೆಟ್ಟಿಗೆಯನ್ನು ಅವರು ಮತ್ತೆ ಮುಟ್ಟಲಿಲ್ಲ. ತಂತಿ ಬರುವುದಕ್ಕೆ ನಾಲ್ಕು ದಿನ ಮೊದಲು ತಾನು ಹೇಗೆ ಆಡಿದ್ದೆ, ಎಲ್ಲಿ ಕೈ ತಪ್ಪಿತು ಎಂದು ಹೂ ಕಟ್ಟುತ್ತಾ ತಮ್ಮಷ್ಟಕ್ಕೇ ಲೆಕ್ಕ ಹಾಕುತ್ತಿದ್ದರು. ನಿಮ್ಮ ಕೈಯಿಂದಲೂ ಆದದ್ದಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ "ಹೌದು ಹೌದು" ಎನ್ನುವರು, ನಂಬಿದವರ ಹಾಗೆ ಎಂದೂ ಕಾಣಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅವರು ತೀರಿಕೊಂಡಾಗ ಕಾರ್ಕಳದಿಂದ ಹೋದೆ. ಶವಪೆಟ್ಟಿಗೆಯಲ್ಲಿ ಮಲಗಿಸಿ, ಜೋಡಿಸಿದ ಕೈಗಳಿಗೆ ಜಪಸರ ಸುತ್ತಿದ್ದರು. ಹೆಬ್ಬೆರಳಿನ ಜಡ್ಡು ಕರಗಿ ಹೋಗಿತ್ತು. ಆ ಕೈಗಳನ್ನು ಹಿಡಿದು, ಅವರು ಅಂದು ನನಗೆ ಹೇಳಿದ್ದ ಮಾತನ್ನೇ ಇನ್ನೊಮ್ಮೆ ಹೇಳಿದೆ.

"ನಿಮ್ಮ ಕೈಯಿಂದ ಆದದ್ದಲ್ಲ, ಬಾಯಮ್ಮ."